ಜಾಗ್ವಾರ್ ಇ-ಟೈಪ್ ಓಡಿಸಲೋ, ಹಳೇ 911 ಓಡಿಸಲೋ? ಒಂದೇ ದಿನ, ಒಂದೇ ಕಾರು

ಸ್ಟುಟ್‌ಗಾರ್ಟ್ ಸೀನ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನಗೆ ಐವತ್ತು ತುಂಬುತ್ತದೆ. ಪಾರ್ಟಿ ಬೇಡ, ಉಂಗುರ ಬೇಡ, ಒಂದು ದಿನ ಹಳೇ ಸ್ಪೋರ್ಟ್ಸ್ ಕಾರು ಬಾಡಿಗೆಗೆ ತಗೊಂಡು ಓಡಿಸುತ್ತೇನೆ ಅಂತ ಮನೆಯಲ್ಲಿ ಕೇಳಿದೆ. "ಒಂದು ದಿನ, ಒಂದು ಕಾರು, ಆಮೇಲೆ ಈ ವಿಷಯ ಎತ್ತಬಾರದು" ಅನ್ನುವ ಷರತ್ತಿನ ಮೇಲೆ ಮಂಜೂರಾಗಿದೆ.

ಸಿಗುತ್ತಿರುವುದು ಎರಡು ಕಾರು. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಕಡೆ 1966ರ ಜಾಗ್ವಾರ್ ಇ-ಟೈಪ್ ಕೂಪೆ (ಮೇಲೆ ಮುಚ್ಚಿದ ಮಾದರಿ), 4.2 ಲೀಟರ್. ಇಲ್ಲೇ ಮನೆ ಹತ್ತಿರ 1970ರ ಪೋರ್ಷೆ 911 ಟಿ, 2.2 ಲೀಟರ್. ಇದನ್ನು ತಗೊಂಡರೆ ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಬ್ಲ್ಯಾಕ್ ಫಾರೆಸ್ಟ್ ಬೆಟ್ಟದ ಮೇಲೆ ಹೋಗುವ ಬಿ500 ರಸ್ತೆಯೂ ಸಿಗುತ್ತದೆ.

ಶಿವಮೊಗ್ಗದಲ್ಲಿ ಹೈಸ್ಕೂಲು ಓದುವಾಗ ನನ್ನ ಒಂದು ನೋಟ್‌ಬುಕ್ಕಿನ ರಟ್ಟಿನ ಮೇಲೆ ಕೆಂಪು ಇ-ಟೈಪ್ ಚಿತ್ರ ಇತ್ತು. ಅದರೊಳಗೆ ಬೀಜಗಣಿತ ಬರೆಯಲು ಮನಸ್ಸೇ ಬರಲಿಲ್ಲ, ವರ್ಷಪೂರ್ತಿ ಖಾಲಿ ಇಟ್ಟುಕೊಂಡಿದ್ದೆ. 911 ಜತೆ ಅಂಥದ್ದೇನೂ ಇಲ್ಲ. ಹದಿನಾಲ್ಕು ವರ್ಷದಿಂದ ದಿನಾ ಟ್ರೈನಿನಲ್ಲಿ ಪೋರ್ಷೆ ಫ್ಯಾಕ್ಟರಿ ಮುಂದೆಯೇ ಹೋಗುತ್ತೇನೆ, ಸ್ಟೇಷನ್ನಿನ ಹೆಸರಿನಲ್ಲೇ ಪೋರ್ಷೆ ಇದೆ. ಅದು ನನಗೆ ಪಕ್ಕದ ಮನೆಯವರ ಹಾಗೆ. ಯಾವುದು ಓಡಿಸಲಿ, ಹೇಳಿ.

ಸುಮ್ನೆ ಬಂದೆ

ಇ-ಟೈಪ್. ಮುಗೀತು. ಬಾಗಿಲು ಹಾಕಿ.

ಲೆಕ್ಕದ ಮೇಷ್ಟ್ರು

ತಡೀರಿ, ಇಷ್ಟು ಬೇಗ ಬಾಗಿಲು ಹಾಕಬೇಡಿ. ಇವೆರಡೂ ಒಂದೇ ತೂಕದ ಪೈಲ್ವಾನರಲ್ಲ. 1961ರಲ್ಲಿ ಬಂದ ಇ-ಟೈಪ್‌ನಲ್ಲಿ ಇದ್ದದ್ದು 3.8 ಲೀಟರ್ ಎಂಜಿನ್, ಆರು ಸಿಲಿಂಡರು ಸಾಲಾಗಿ ನಿಂತಿರುತ್ತವೆ, 265 ಎಚ್‌ಪಿ. 911 ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಂಡದ್ದು 1963ರಲ್ಲಿ, ತಯಾರಾಗಲು ಶುರುವಾದದ್ದು 1964ರಲ್ಲಿ. ಅದರದು 1,991 ಸಿಸಿ. ಅದೂ ಆರು ಸಿಲಿಂಡರೇ, ಆದರೆ ಮೂರು ಎಡಕ್ಕೆ, ಮೂರು ಬಲಕ್ಕೆ ಮಲಗಿರುತ್ತವೆ. ರೇಡಿಯೇಟರ್ ಇಲ್ಲ, ಗಾಳಿಯಲ್ಲೇ ತಣ್ಣಗಾಗಬೇಕು. 130 ಎಚ್‌ಪಿ. ಅಂದರೆ ಎಂಜಿನ್ನೂ ಅರ್ಧ, ಶಕ್ತಿಯೂ ಅರ್ಧ. ಆದರೆ ಟಾಪ್ ಸ್ಪೀಡು ನೋಡಿ. ಜಾಗ್ವಾರ್ ಹೇಳಿದ್ದು ಗಂಟೆಗೆ 150 ಮೈಲಿ, ಅಂದರೆ ಸುಮಾರು 240 ಕಿ.ಮೀ. ಪೋರ್ಷೆ ಹೇಳಿದ್ದು 210 ಕಿ.ಮೀ. ಅರ್ಧ ಎಂಜಿನ್ನಿಗೆ ಇದೇನೂ ಕಮ್ಮಿ ಅಲ್ಲ.

ಇನ್ನೊಂದು. ಆ 265 ಮತ್ತು ಈ 130 ಒಂದೇ ತಕ್ಕಡಿಯಲ್ಲಿ ತೂಗಿದ್ದಲ್ಲ. ಜಾಗ್ವಾರ್ ಕೊಟ್ಟದ್ದು ಗ್ರಾಸ್ ಲೆಕ್ಕ. ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಶಕ್ತಿ ತಿನ್ನುವ ಸಾಮಾನುಗಳನ್ನೆಲ್ಲ ಬಿಚ್ಚಿ ಅಳೆದದ್ದು. ಪೋರ್ಷೆ ಕೊಟ್ಟದ್ದು ಜರ್ಮನಿಯ ಡಿನ್ ಲೆಕ್ಕ, ಎಲ್ಲ ಸಾಮಾನು ಜೋಡಿಸಿಕೊಂಡೇ ಅಳೆದದ್ದು. ಹಾಗಾಗಿ ನಿಜವಾದ ಅಂತರ ಕಾಗದದ ಮೇಲೆ ಕಂಡಷ್ಟು ದೊಡ್ಡದಲ್ಲ.

ಜೆ.ಸಿ. ರೋಡ್ ಗಿರಾಕಿ

ಮೇಷ್ಟ್ರೇ, ಸಂಬಳದ ಹಾಗೆ ಅಂತೀರಾ. ಗ್ರಾಸ್ ಬೇರೆ, ಕೈಗೆ ಬರೋದು ಬೇರೆ.

ಆ 150 ಮೈಲಿಯ ಕಥೆಯೂ ಹಾಗೇ. 1961ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆಗೆ ಟೆಸ್ಟ್ ಮಾಡಲು ಕೊಟ್ಟ ಕೂಪೆ 150.4 ಮುಟ್ಟಿತು ಅಂತ ಅಚ್ಚಾಯಿತು. ಅದು ಕಂಪನಿಯವರು ಚೆನ್ನಾಗಿ ತಿದ್ದಿ ತೀಡಿ ಕೊಟ್ಟ ಕಾರು. ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೊಂಡವರ ಕಾರು ಅಷ್ಟು ಓಡುತ್ತಿರಲಿಲ್ಲ.

ಕವೆಂಟ್ರಿಯ ಕನ್ನಡತಿ

ಓಡದಿದ್ದರೆ ಏನಂತೆ? ಬೆಲೆ ನೋಡಿ ಮಾತಾಡಿ. 1961ರಲ್ಲಿ ತೆರೆದ ಇ-ಟೈಪ್‌ಗೆ ಇಂಗ್ಲೆಂಡಿನಲ್ಲಿ ತೆರಿಗೆ ಸೇರಿ 2,097 ಪೌಂಡ್. ಆಸ್ಟನ್ ಮಾರ್ಟಿನ್ ಡಿಬಿ4 ಅದರ ಹತ್ತಿರ ಹತ್ತಿರ ಎರಡರಷ್ಟು. ಫೆರಾರಿ ಇನ್ನೂ ಮೇಲೆ. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು, ಹಿಂದಿನ ಎರಡು ಚಕ್ರಕ್ಕೂ ಬೇರೆಬೇರೆ ಸಸ್ಪೆನ್ಷನ್, ರೇಸಿನಿಂದ ಬಂದ ಮೈಕಟ್ಟು, ಎಲ್ಲ ಸೇರಿ ಈ ಬೆಲೆ. ಜನ ಮುಗಿಬಿದ್ದದ್ದು ಚಂದ ನೋಡಿ ಮಾತ್ರ ಅಲ್ಲ.

ನಾನಿರುವ ಊರಿನ ಕಾರು ಅಂತ ಒಂದು ಕಥೆ ಹೇಳಿಬಿಡುತ್ತೇನೆ. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಈ ಕಾರನ್ನು ಮೊದಲು ತೋರಿಸಿದರು. ಪತ್ರಕರ್ತರಿಗೆ ಸವಾರಿ ಮಾಡಿಸಲು ಅಲ್ಲಿದ್ದದ್ದು ಒಂದೇ ಕೂಪೆ. ನಂಬರು 9600 ಎಚ್‌ಪಿ, ಆ ಎಚ್‌ಪಿ ಬರೀ ನಂಬರ್ ಪ್ಲೇಟಿನ ಅಕ್ಷರ ಮತ್ತೆ! ಸಾಲು ಬೆಳೆಯುತ್ತಲೇ ಹೋಯಿತು. ಯಜಮಾನ ವಿಲಿಯಂ ಲಯನ್ಸ್ ಕವೆಂಟ್ರಿಗೆ ಫೋನ್ ಮಾಡಿಸಿ ಇನ್ನೊಂದು ಕಾರು ಬೆಳಗ್ಗೆಯೊಳಗೆ ಬರಬೇಕು ಅಂದರು. ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಕೆಲಸ ಬಿಟ್ಟು ಎದ್ದವನೇ 77 ಆರ್‌ಡಬ್ಲ್ಯೂ ನಂಬರಿನ ತೆರೆದ ಕಾರು ಹತ್ತಿ, ಡೋವರಿನಲ್ಲಿ ಹಡಗು ಹಿಡಿದು, ರಾತ್ರಿಯಿಡೀ ಫ್ರಾನ್ಸ್ ದಾಟಿ ಬೆಳಗ್ಗೆ ಜಿನೀವಾ ಸೇರಿದ. ಸುಮಾರು ಸಾವಿರ ಕಿ.ಮೀ. ಆಗ ಈಗಿನಂಥ ಮೋಟರ್‌ವೇಗಳು ಎಲ್ಲಿದ್ದವು? ಬಂದವನಿಗೆ ನಿದ್ದೆ ಇಲ್ಲ, ಮತ್ತೆ ಪತ್ರಕರ್ತರನ್ನು ಕೂರಿಸಿಕೊಂಡು ಓಡಿಸುವ ಕೆಲಸ.

ಇಂಥ ಕಾರನ್ನು "ಅಷ್ಟು ಓಡುತ್ತಿರಲಿಲ್ಲ" ಅನ್ನುವವರು ಮೊದಲು ಬೆಂಗಳೂರಿನಿಂದ ಮುಂಬೈಗೆ ಒಂದೇ ರಾತ್ರಿಯಲ್ಲಿ ಹೋಗಿ ಬನ್ನಿ.

ಜೆ.ಸಿ. ರೋಡ್ ಗಿರಾಕಿ

ಮೇಡಂ, ನೆಲಮಂಗಲ ದಾಟೋದರಲ್ಲೇ ಬೆಳಗಾಗಿರುತ್ತದೆ.

ಎರಡನೇ ಗೇರ್

ಎನ್ಜೋ ಫೆರಾರಿಯೇ ಇ-ಟೈಪ್ ನೋಡಿ ಪ್ರಪಂಚದ ಅತ್ಯಂತ ಸುಂದರ ಕಾರು ಅಂದಿದ್ದಾರೆ. ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?

ಲೆಕ್ಕದ ಮೇಷ್ಟ್ರು

ಎಲ್ಲಿ ಅಂದರು, ಯಾವಾಗ ಅಂದರು, ಯಾರ ಮುಂದೆ ಅಂದರು? ಎಲ್ಲರೂ ಬರೆಯುತ್ತಾರೆ, ಒಬ್ಬರೂ ತೋರಿಸುವುದಿಲ್ಲ. ಬೇಕಾದರೆ ಇದನ್ನು ತಗೊಳ್ಳಿ, ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ 1996ರಲ್ಲಿ ಒಂದು ನೀಲಿ ಇ-ಟೈಪನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಇದು ಸರ್ಟಿಫಿಕೇಟ್.

ಕವೆಂಟ್ರಿಯ ಕನ್ನಡತಿ

ಮೇಷ್ಟ್ರು ಹೇಳಿದ್ದು ಸರಿ. ತಮಾಷೆ ಅಂದರೆ, ಅದನ್ನು ರೂಪಿಸಿದ ಮಾಲ್ಕಮ್ ಸೇಯರ್‌ಗೆ ಸ್ಟೈಲಿಸ್ಟ್ ಅಂತ ಕರೆದರೆ ಸಿಟ್ಟು ಬರುತ್ತಿತ್ತು. ಆತ ಬ್ರಿಸ್ಟಲ್ ವಿಮಾನ ಕಂಪನಿಯಿಂದ ಬಂದವ. ಗಾಳಿ ಹೇಗೆ ಹರಿಯಬೇಕು ಅಂತ ಲಾಗ್ ಟೇಬಲ್, ಸ್ಲೈಡ್ ರೂಲ್ ಇಟ್ಟುಕೊಂಡು ಕೂತು ಆ ವಕ್ರರೇಖೆಗಳನ್ನು ಲೆಕ್ಕ ಹಾಕುತ್ತಿದ್ದ. ಸೀನ ಅವರೇ, ನಿಮ್ಮ ಆ ನೋಟ್‌ಬುಕ್ಕಿನಲ್ಲಿ ಬೀಜಗಣಿತವನ್ನೇ ಬರೆಯಬೇಕಿತ್ತು!

ಸ್ಟುಟ್‌ಗಾರ್ಟ್ ಸೀನ

ಮೂವತ್ತೈದು ವರ್ಷ ಆದಮೇಲೆ ಗೊತ್ತಾಯಿತಲ್ಲ ಮೇಡಂ.

ಹುಬ್ಬಳ್ಳಿ ಹೈವೇ (ಸದ್ಯ ಸ್ಯಾನ್ ಹೋಸೆ)

ಎಲ್ಲರೂ ಚಂದದ ಹಿಂದೆಯೇ ಬಿದ್ದಿದ್ದೀರಿ. ಪ್ರಶ್ನೆ ಇರುವುದು ಓಡಿಸುವುದರ ಬಗ್ಗೆ ಅಲ್ವಾ?

ನನ್ನ ಪಕ್ಕದ ಮನೆಯಲ್ಲಿ 1972ರ 911 ಇದೆ. ಯಜಮಾನರಿಗೆ ಎಪ್ಪತ್ತೆಂಟು ವರ್ಷ. ಭಾನುವಾರ ಬೆಳಗ್ಗೆ ನನ್ನನ್ನೂ ಕೂರಿಸಿಕೊಂಡು ಬೆಟ್ಟದ ಕಡೆ ಹೋಗುತ್ತಾರೆ, ಎರಡು ಸಲ ನನಗೇ ಓಡಿಸಲು ಕೊಟ್ಟಿದ್ದಾರೆ. ಒಳಗೆ ಕೂತರೆ ಚಿಕ್ಕ ಕಾರು. ಮುಂದಿನ ಎರಡೂ ಮಡ್‌ಗಾರ್ಡ್ ಉಬ್ಬಿ ನಿಂತಿರುವುದು ಕೂತಲ್ಲಿಂದಲೇ ಕಾಣುತ್ತದೆ, ಚಕ್ರ ಎಲ್ಲಿದೆ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಐದು ಗಡಿಯಾರ ಸಾಲಾಗಿ, ನಟ್ಟನಡುವೆ ಆರ್‌ಪಿಎಂ. ಪೆಡಲುಗಳು ಮೇಲಿನಿಂದ ಇಳಿಬಿದ್ದಿಲ್ಲ, ನೆಲದಿಂದ ಎದ್ದಿವೆ. ಪವರ್ ಸ್ಟಿಯರಿಂಗ್ ಇಲ್ಲ. ರಸ್ತೆಯಲ್ಲಿ ಒಂದು ಕಲ್ಲು ಬಿದ್ದಿದ್ದರೂ ಅಂಗೈಗೆ ಸುದ್ದಿ ಬರುತ್ತದೆ.

ಆಯಿಲ್ ನೋಡುವುದೇ ಒಂದು ಪೂಜೆ. ನಮ್ಮ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿ, ಸ್ವಲ್ಪ ಬಿಟ್ಟು ಡಿಪ್‌ಸ್ಟಿಕ್ ಎಳೆಯುತ್ತೇವೆ. ಇದರಲ್ಲಿ ಉಲ್ಟಾ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಸಮತಟ್ಟು ನೆಲದಲ್ಲಿ ನಿಂತು, ಓಡುತ್ತಿರುವಾಗಲೇ ನೋಡಬೇಕು. ಯಾಕೆಂದರೆ ಆಯಿಲ್ ಇರುವುದು ಎಂಜಿನ್ನಿನ ಕೆಳಗಲ್ಲ, ಬೇರೆ ಟ್ಯಾಂಕಿನಲ್ಲಿ. ತಣ್ಣಗಿರುವಾಗ ನೋಡಿ, ಕಮ್ಮಿಯಿದೆ ಅಂತ ಸುರಿದರೆ ಕೆಟ್ಟಿರಿ.

1972ರ ಮಾಡೆಲ್‌ನಲ್ಲಿ ಮಾತ್ರ ಆ ಆಯಿಲ್ ತುಂಬುವ ಮುಚ್ಚಳವನ್ನು ಹೊರಗೆ ಇಟ್ಟಿದ್ದರು, ಬಲಗಡೆ ಬಾಗಿಲಿನ ಹಿಂದೆ. ನೋಡಲು ಥೇಟ್ ಪೆಟ್ರೋಲ್ ಮುಚ್ಚಳದ ಹಾಗೆ. ಬಂಕಿನ ಹುಡುಗರು ಅದಕ್ಕೇ ಪೆಟ್ರೋಲ್ ಹಾಕುತ್ತಿದ್ದರಂತೆ. ಮರುವರ್ಷವೇ ತೆಗೆದರು. ನಮ್ಮ ಯಜಮಾನರು ಇವತ್ತಿಗೂ ಬಂಕಿನಲ್ಲಿ ಇಳಿದು ಆ ಮುಚ್ಚಳಕ್ಕೆ ಅಡ್ಡ ನಿಂತಿರುತ್ತಾರೆ!

ಸುಮ್ನೆ ಬಂದೆ

ಮುಚ್ಚಳ ಕಾಯೋಕೇ ಒಬ್ಬ ಆಳು ಬೇಕಾ ಈ ಕಾರಿಗೆ.

ಎರಡನೇ ಗೇರ್

ಹುಬ್ಬಳ್ಳಿ ಅಣ್ಣಾ, ಹಿಂದೆ ಎಂಜಿನ್ ಇರುವ ಕಾರು ತಿರುವಿನಲ್ಲಿ ಗಿರಕಿ ಹೊಡೆಯುತ್ತೆ ಅಂತಾರಲ್ಲ, ಅದು ನಿಜಾನಾ? ಸೀನ ಅವರಿಗೆ ಐವತ್ತನೇ ಹುಟ್ಟುಹಬ್ಬ, ಐವತ್ತೊಂದೂ ಬರಲಿ.

ಹುಬ್ಬಳ್ಳಿ ಹೈವೇ (ಸದ್ಯ ಸ್ಯಾನ್ ಹೋಸೆ)

ನಿಜ, ಆದರೆ ಸುಮ್ಮಸುಮ್ಮನೆ ಹೊಡೆಯುವುದಿಲ್ಲ. ಸೈಕಲ್ಲಿನ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡು ಇಳಿಜಾರಿನಲ್ಲಿ ತಿರುಗಿಸಿದ್ದೀರಾ? ಹ್ಯಾಂಡಲ್ ಹಗುರ, ಹಿಂದೆ ಭಾರ. ಸಲೀಸಾಗಿ ಬಂದರೆ ಏನೂ ಆಗುವುದಿಲ್ಲ. ತಿರುವಿನ ನಡುವೆ ಹೆದರಿ ಗಕ್ಕನೆ ಬ್ರೇಕ್ ಹಿಡಿದರೆ ಮೂಟೆ ನಿಮ್ಮನ್ನು ಹಿಂದೆ ಹಾಕಿ ಮುಂದೆ ಹೋಗಲು ನೋಡುತ್ತದೆ. 911ರಲ್ಲೂ ಅಷ್ಟೇ. ತಿರುವಿಗೆ ಮುಂಚೆ ವೇಗ ಇಳಿಸಿ, ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಇರಿ. ಹೆದರಿ ಕಾಲು ಎತ್ತಿದಿರೋ, ಬಾಲ ಬೀಸಿತು.

ಪೋರ್ಷೆಯವರಿಗೂ ಇದು ಗೊತ್ತಿತ್ತು. ಮೊದಮೊದಲ ಕಾರುಗಳಿಗೆ ಮುಂದಿನ ಬಂಪರಿನ ಎರಡೂ ಮೂಲೆಯಲ್ಲಿ 11 ಕೆ.ಜಿ.ಯ ಕಬ್ಬಿಣದ ತುಂಡು ಕೂರಿಸಿದ್ದರು, ಮುಂಭಾಗ ಭಾರ ಆಗಲಿ ಅಂತ! 1969ರ ಮಾಡೆಲ್‌ಗೆ ಸರಿಯಾದ ಮದ್ದು ಕೊಟ್ಟರು. ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು. ಎರಡು ಇಂಚೂ ಕಾಲು ಅಂದುಕೊಳ್ಳಿ. ಕಾರಿನ ನಡತೆಯೇ ಬದಲಾಯಿತು. ಸೀನ ಅವರಿಗೆ ಸಿಗುವುದು 1970ರದು, ಅಂದರೆ ಮದ್ದು ತಗೊಂಡ ಮೇಲಿನದು. ಹೆದರಬೇಡಿ.

ಗೇರ್ ಬಾಕ್ಸ್ ಐದು ಗೇರಿನದಾ ಅಂತ ಕೇಳಿಕೊಳ್ಳಿ. ಐದು ಗೇರಿನದಾದರೆ ಮೊದಲನೇ ಗೇರು ಎಡಕ್ಕೆ ಎಳೆದು ಹಿಂದಕ್ಕೆ. ಅಭ್ಯಾಸಬಲದಿಂದ ಮೇಲಕ್ಕೆ ಹಾಕಿದರೆ ರಿವರ್ಸು.

ಕುಡ್ಲ ಮೆಕ್ಯಾನಿಕ್

ನನಗೆ ಕಾರಿನ ಚರಿತ್ರೆ ಗೊತ್ತಿಲ್ಲ ಮಾರಾಯ್ರೇ, ಕೈ ಹಾಕಿ ಗೊತ್ತು. ಮೂವತ್ತು ವರ್ಷ ಮಸ್ಕತ್‌ನಲ್ಲಿ ಗ್ಯಾರೇಜಿನಲ್ಲಿದ್ದೆ. ಈಗ ಊರಿಗೆ ಬಂದು ತೋಟ ನೋಡಿಕೊಂಡಿದ್ದೇನೆ.

ಒಬ್ಬರು ಇಂಗ್ಲಿಷ್ ದೊರೆಯ ಇ-ಟೈಪ್ ನಮ್ಮಲ್ಲಿಗೆ ಬರುತ್ತಿತ್ತು. ಮೊದಲ ದಿನ ಎಲ್ಲರೂ ದೂರ ನಿಂತು ನೋಡಿದೆವು, ಮುಟ್ಟಲು ಧೈರ್ಯ ಇಲ್ಲ. ಬಾನೆಟ್ ಅಂದರೆ ನಮ್ಮ ಕಾರುಗಳ ಹಾಗೆ ಬರೀ ಮುಚ್ಚಳ ಅಲ್ಲ. ಮಡ್‌ಗಾರ್ಡು, ಹೆಡ್‌ಲೈಟು, ಮೂಗು ಎಲ್ಲ ಸೇರಿದ ಒಂದೇ ದೊಡ್ಡ ತುಂಡು, ಮುಂದಕ್ಕೆ ಮಗುಚಿಕೊಳ್ಳುತ್ತದೆ. ಕಾರಿನ ಅರ್ಧ ಮೈ ಎದ್ದು ನಿಂತ ಹಾಗೆ. ಒಳಗೆ ನೋಡಿದರೆ ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಎಸ್‌ಯು ಕಂಪನಿಯ ಕಾರ್ಬುರೇಟರ್ ಮೂರು ಸಾಲಾಗಿ ಕೂತಿವೆ. ನಾನು ನಕ್ಕುಬಿಟ್ಟೆ. ಯಾಕೆಂದರೆ ನಾನು ಹುಡುಗನಾಗಿ ಕೆಲಸ ಕಲಿತದ್ದು ಮಂಗಳೂರಿನಲ್ಲಿ ಹಳೇ ಅಂಬಾಸಡರ್ ಮೇಲೆ. ಅದರಲ್ಲೂ ಎಸ್‌ಯು ಕಾರ್ಬುರೇಟರೇ, ಒಂದು. ಇದರಲ್ಲಿ ಮೂರು, ಅಷ್ಟೇ ವ್ಯತ್ಯಾಸ. ಮೇಲಿನ ಮೂತಿ ತಿರುಗಿಸಿ ಎಳೆದರೆ ಕಡ್ಡಿ ಬರುತ್ತದೆ, ಒಳಗೆ ಸ್ವಲ್ಪ ಆಯಿಲ್ ಇರಬೇಕು. ಆ ಆಯಿಲ್ ಬತ್ತಿದರೆ ಆಕ್ಸಿಲರೇಟರ್ ತುಳಿದ ಕೂಡಲೇ ಎಂಜಿನ್ ಮುಗ್ಗರಿಸುತ್ತದೆ. ಬೇರೆ ರಿಪೇರಿ ಏನೂ ಬೇಡ, ನಾಲ್ಕು ಹನಿ ಆಯಿಲ್ ಸಾಕು.

ಮೂರನ್ನೂ ಹೊಂದಿಸುವುದು ಹೇಗೆ? ಒಂದು ಮೊಳ ರಬ್ಬರ್ ಪೈಪು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ. ಗಾಳಿ ಎಳೆಯುವ "ಹುಸ್" ಸದ್ದು ಕೇಳುತ್ತದೆ. ಮೂರರದೂ ಒಂದೇ ಸಮ ಬರಬೇಕು. ಒಂದು ಜೋರು, ಒಂದು ಮೆಲ್ಲ ಅಂದರೆ ಸ್ಕ್ರೂ ಚೂರು ತಿರುಗಿಸಬೇಕು. ಸರಿಹೋದ ಕ್ಷಣ ಎಂಜಿನ್ನಿನ ಸ್ವರವೇ ಬೇರೆ. ದೊರೆ ಅಲ್ಲೇ ನಿಂತಿದ್ದರು. ಏನೂ ಹೇಳಲಿಲ್ಲ, ಒಳಗೆ ಹೋಗಿ ಎಲ್ಲರಿಗೂ ಚಹಾ ತರಿಸಿದರು.

ಆದರೆ ಹಿಂದಿನ ಬ್ರೇಕ್ ಕೆಲಸ ಮಾತ್ರ ಶತ್ರುವಿಗೂ ಬೇಡ. ಡಿಸ್ಕ್ ಇರುವುದು ಚಕ್ರದ ಹತ್ತಿರ ಅಲ್ಲ, ಒಳಗೆ, ಎರಡು ಚಕ್ರಗಳ ನಡುವಿನ ಡಿಫರೆನ್ಷಿಯಲ್ ಪಕ್ಕ. ಓಡುವಾಗ ಅದು ಒಳ್ಳೆಯದೇ, ಚಕ್ರದ ಮೇಲೆ ಭಾರ ಕಮ್ಮಿ. ಕೈ ಹಾಕುವವನಿಗೆ ನರಕ. ದೊಡ್ಡ ಕೆಲಸ ಬಂದರೆ ಇಡೀ ಹಿಂದಿನ ಚೌಕಟ್ಟನ್ನೇ ಕೆಳಗಿಳಿಸುತ್ತಿದ್ದೆವು.

ಪೋರ್ಷೆಗೆ ನಾನು ಕೈ ಹಾಕಿಲ್ಲ, ಅದರ ಬಗ್ಗೆ ಮಾತಾಡುವುದಿಲ್ಲ.

ಎರಡನೇ ಗೇರ್

ಅಣ್ಣಾ, ಈ ಒಂದು ಉತ್ತರಕ್ಕೆ ಇಡೀ ಚರ್ಚೆ ಸಾರ್ಥಕ.

ಜೆ.ಸಿ. ರೋಡ್ ಗಿರಾಕಿ

ರಬ್ಬರ್ ಪೈಪಿನ ವಿದ್ಯೆ ನಮ್ಮ ಚಿಕ್ಕಪ್ಪನೂ ಮಾಡುತ್ತಿದ್ದರು. ಈಗಿನ ಹುಡುಗರು ಲ್ಯಾಪ್‌ಟಾಪ್ ಚುಚ್ಚದೆ ಬಾನೆಟ್ಟೇ ಎತ್ತಲ್ಲ.

ಹುಬ್ಬಳ್ಳಿ ಹೈವೇ (ಸದ್ಯ ಸ್ಯಾನ್ ಹೋಸೆ)

ಮೆಕ್ಯಾನಿಕ್ ಸಾರ್ ಬರೆದದ್ದಕ್ಕೆ ನನ್ನದೂ ನಮಸ್ಕಾರ. ಆದರೆ ನನ್ನ ವಾದ ಬಿಡುವುದಿಲ್ಲ.

ಇ-ಟೈಪ್ ಹುಟ್ಟುವಾಗಲೇ ಪೂರ್ತಿ ಚಂದ. ಆಮೇಲೆ ತಿದ್ದಿದ್ದೆಲ್ಲ ಕೆಡಿಸಿದ್ದೇ. 1968ರ ಮಾಡೆಲ್‌ಗೆ ಅಮೆರಿಕದ ಕಾನೂನಿಗೆ ಹೆದರಿ ಹೆಡ್‌ಲೈಟಿನ ಗಾಜು ಕಿತ್ತರು. ಇಲ್ಲಿಗೆ ಬರುವ ಕಾರಿನ ಮೂರು ಕಾರ್ಬುರೇಟರ್ ತೆಗೆದು ಎರಡು ಸ್ಟ್ರಾಂಬರ್ಗ್ ಹಾಕಿದರು. 1971ರಲ್ಲಿ ಹನ್ನೆರಡು ಸಿಲಿಂಡರ್ ತುರುಕಿದರು, ಬಾಯಿ ಅಗಲ ಆಯಿತು, ಮೈ ಊದಿತು. 1974ಕ್ಕೆ ಕಥೆ ಮುಗಿಯಿತು. ಒಟ್ಟು 72 ಸಾವಿರ ಚಿಲ್ಲರೆ ಕಾರು.

911 ಹುಟ್ಟುವಾಗಲೇ ತಪ್ಪು. ಎಂಜಿನ್ ಇರಬಾರದ ಕಡೆ ಇದೆ. ಹಠ ಹಿಡಿದು ಕೂತು ಆ ತಪ್ಪನ್ನೇ ಅರವತ್ತು ವರ್ಷ ತಿದ್ದುತ್ತಾ ಬಂದರು. ನಡುವೆ ಒಮ್ಮೆ ನಿಲ್ಲಿಸಲೂ ಹೊರಟಿದ್ದರು, ಅದರ ಜಾಗಕ್ಕೆ 928 ಅನ್ನುವ ಇನ್ನೊಂದು ಪೋರ್ಷೆ ಬರಬೇಕಿತ್ತು. 1981ರಲ್ಲಿ ಪೀಟರ್ ಶುಟ್ಸ್ ಅನ್ನುವವರು ಕಂಪನಿಗೆ ಮುಖ್ಯಸ್ಥರಾಗಿ ಬಂದರು. ಎಂಜಿನಿಯರ್ ಹೆಲ್ಮುಟ್ ಬೋಟ್ ಅವರ ಕೋಣೆಯ ಗೋಡೆ ಮೇಲೆ ಒಂದು ಚಾರ್ಟು, ಅದರಲ್ಲಿ 911ರ ಗೆರೆ 1981ಕ್ಕೆ ನಿಂತುಬಿಟ್ಟಿದೆ. ಶುಟ್ಸ್ ಮಾರ್ಕರ್ ತಗೊಂಡು ಆ ಗೆರೆಯನ್ನು ಎಳೆಯುತ್ತಾ ಎಳೆಯುತ್ತಾ ಚಾರ್ಟು ದಾಟಿ ಗೋಡೆ ಮೇಲೂ ಎಳೆದರು. ಅವರೇ ಆಮೇಲೆ ಹೇಳಿಕೊಂಡ ಕಥೆ ಇದು. 2017ರಲ್ಲಿ ಹತ್ತು ಲಕ್ಷನೆಯ 911 ಹೊರಬಂತು.

ಕವೆಂಟ್ರಿಯ ಕನ್ನಡತಿ

ತಿದ್ದಿದ್ದೆಲ್ಲ ಕೆಡಿಸಿದ್ದೇ ಅನ್ನುವುದು ತಪ್ಪು. 1961ರ ಕಾರಿನಲ್ಲಿ ಮೊದಲ ಗೇರಿಗೆ ಸಿಂಕ್ರೋ, ಅಂದರೆ ಗೇರು ಕರಕರ ಅನ್ನದೆ ಸಲೀಸಾಗಿ ಬೀಳಿಸುವ ವ್ಯವಸ್ಥೆ, ಇರಲಿಲ್ಲ. ಮೊದಮೊದಲ ಕಾರುಗಳ ನೆಲ ಚಪ್ಪಟೆ, ಉದ್ದ ಕಾಲಿನವರು ಮಂಡಿ ಮಡಚಿಕೊಂಡೇ ಕೂರಬೇಕಿತ್ತು. ಬಾನೆಟ್ ಬೀಗ ಹೊರಗಿತ್ತು, ತೆಗೆಯಲು ಬೇರೆ ಕೀಲಿ ಬೇಕಿತ್ತು. ಇದೆಲ್ಲ ಬೇಗನೇ ಸರಿಹೋಯಿತು. 1964ರ ಕೊನೆಗೆ ಬಂದ 4.2ರಲ್ಲಿ ಹೊಸ ಗೇರ್ ಬಾಕ್ಸು, ಒಳ್ಳೆಯ ಸೀಟು, ಒಳ್ಳೆಯ ಬ್ರೇಕು. ಗಾಜಿನ ಹೆಡ್‌ಲೈಟೂ ಹಾಗೇ ಉಳಿದಿತ್ತು. ಸೀನ ಅವರಿಗೆ ಸಿಗುವ 1966ರ ಕಾರು ಅದೇ. ಎಲ್ಲ ತಿದ್ದಿದೆ, ಇನ್ನೂ ಕೆಡಿಸಿಲ್ಲ. ಇಂಥ ಎರಡು ಮೂರು ವರ್ಷ ಒಂದು ಕಾರಿಗೆ ಒಂದೇ ಸಲ ಬರುತ್ತದೆ.

ಮತ್ತೆ ಅರವತ್ತು ವರ್ಷ ಬದುಕಿದ್ದೇ ದೊಡ್ಡತನ ಅನ್ನುವುದಾದರೆ ಅಂಬಾಸಡರ್‌ಗೂ ಹಾರ ಹಾಕಿ.

ಹುಬ್ಬಳ್ಳಿ ಹೈವೇ (ಸದ್ಯ ಸ್ಯಾನ್ ಹೋಸೆ)

ಅಂಬಾಸಡರನ್ನು ಯಾರಾದರೂ ಮಾಂಟೆ ಕಾರ್ಲೊ ರ‍್ಯಾಲಿಗೆ ಕಳಿಸಿದರಾ ಅಕ್ಕಾ? 1968, 69, 70, ಸತತ ಮೂರು ವರ್ಷ 911 ಗೆದ್ದಿದೆ. ಹಿಮದಲ್ಲಿ. ಆ "ತಪ್ಪು" ಎಂಜಿನ್ ಹಿಂದಿನ ಚಕ್ರದ ಮೇಲೆ ಕೂತಿದ್ದರಿಂದಲೇ ಹಿಡಿತ ಸಿಕ್ಕಿದ್ದು.

ಕವೆಂಟ್ರಿಯ ಕನ್ನಡತಿ

ಇ-ಟೈಪ್ ತನ್ನ ಮೊದಲ ರೇಸನ್ನೇ ಗೆದ್ದಿತ್ತು ತಮ್ಮಾ. 1961ರ ಏಪ್ರಿಲ್, ಔಲ್ಟನ್ ಪಾರ್ಕ್, ಓಡಿಸಿದ್ದು ಗ್ರಹಾಂ ಹಿಲ್. ಜಿನೀವಾದಲ್ಲಿ ತೋರಿಸಿ ತಿಂಗಳು ಅಷ್ಟೇ ಆಗಿತ್ತು.

ಲೆಕ್ಕದ ಮೇಷ್ಟ್ರು

ಇಬ್ಬರೂ ಸರಿ. ಅಕ್ಕ-ತಮ್ಮ ಜಗಳ ಆಡಬೇಡಿ.

ಒಂದು ಉಪಕಥೆ. 911ರ ಮೊದಲ ಹೆಸರು 901. ಮಧ್ಯದಲ್ಲಿ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತನ್ನವು ಅಂತ ಫ್ರಾನ್ಸಿನ ಪೂಜೋ ತಕರಾರು ತೆಗೆಯಿತು. ಅಷ್ಟರಲ್ಲಿ 901 ಹೆಸರಿನಲ್ಲಿ 82 ಕಾರು ತಯಾರಾಗಿದ್ದವು. ಸೊನ್ನೆ ತೆಗೆದು ಒಂದು ಹಾಕಿದರು. ಅವುಗಳಲ್ಲಿ 57ನೇ ಕಾರು ತುಕ್ಕು ತಿಂದ ಸ್ಥಿತಿಯಲ್ಲಿ 2014ರಲ್ಲಿ ಸಿಕ್ಕಿತು, ಪೋರ್ಷೆಯವರೇ ತಗೊಂಡು ಮೂರು ವರ್ಷ ಕೂತು ಸರಿಮಾಡಿದರು. ಸೀನ ಅವರೇ, ನಿಮ್ಮ ಊರಿನ ಮ್ಯೂಸಿಯಂನಲ್ಲಿ ನೋಡಿದ್ದೀರಾ?

ಸ್ಟುಟ್‌ಗಾರ್ಟ್ ಸೀನ

ನೋಡಿದ್ದೇನೆ. ಕೆಂಪು. ಮಗಳು "ಅಪ್ಪಾ, ಇದಕ್ಕೂ ಆ ಕಡೆ ನಿಂತಿರೋದಕ್ಕೂ ಏನು ವ್ಯತ್ಯಾಸ?" ಅಂತ ಕೇಳಿದಳು. ನನಗೂ ಹೇಳಲಾಗಲಿಲ್ಲ.

ಸುಮ್ನೆ ಬಂದೆ

ಪೋರ್ಶ್ ಅಂತಾನಾ, ಪೋರ್ಷೆ ಅಂತಾನಾ ಹೇಳೋದು?

ಸ್ಟುಟ್‌ಗಾರ್ಟ್ ಸೀನ

ಇಲ್ಲಿ "ಪೋರ್ಷ" ಅಂತ ಕೇಳಿಸುತ್ತದೆ. ಕೊನೆಯ ಅಕ್ಷರ ನುಂಗುವುದಿಲ್ಲ.

ಕವೆಂಟ್ರಿಯ ಕನ್ನಡತಿ

ಇಲ್ಲಿ "ಜ್ಯಾಗ್ಯುಅ". ಜಾಗ್ವಾರ್ ಅಂದರೆ ಅಮೆರಿಕದವಳಾ ಅಂತ ಕೇಳುತ್ತಾರೆ.

ಜೆ.ಸಿ. ರೋಡ್ ಗಿರಾಕಿ

2008ರಿಂದ ಅದು ಟಾಟಾದವರದು. ನಾವು ಹೇಗೆ ಕರೆದರೂ ಅದೇ ಸರಿ.

ಎರಡನೇ ಗೇರ್

ಇಂಥದ್ದೊಂದನ್ನು ಬೆಂಗಳೂರಿಗೆ ತರಬಹುದಾ? ಸುಮ್ನೆ ಕೇಳಿದೆ, ನನ್ನ ಹತ್ತಿರ ಇರೋದು ಸೆಕೆಂಡ್ ಹ್ಯಾಂಡ್ ಆಲ್ಟೊ.

ಲೆಕ್ಕದ ಮೇಷ್ಟ್ರು

ಮೊದಲು 1950ಕ್ಕಿಂತ ಹಿಂದಿನ ಕಾರುಗಳಿಗೆ ಮಾತ್ರ ಅವಕಾಶ ಇತ್ತು. 2025ರಲ್ಲಿ ನಿಯಮ ಬದಲಾಯಿತು, ತಯಾರಾಗಿ 50 ವರ್ಷ ಆಗಿದ್ದರೆ ಸಾಕು. ಹಾಗಾಗಿ ಈ ಎರಡೂ ಬರಬಹುದು. ಆದರೆ ಸುಂಕದ ಮೊತ್ತ ಕೇಳುವ ಮುಂಚೆ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ.

ಎರಡನೇ ಗೇರ್

ಸರಿ, ನೋಟ್‌ಬುಕ್ ರಟ್ಟೇ ಗಟ್ಟಿ.

ಅಂದ ಹಾಗೆ ಜಪಾನಿನ ಡಾಟ್ಸನ್ 240ಝಡ್ ಹೆಸರು ಯಾರೂ ಎತ್ತಲಿಲ್ಲವಲ್ಲ? 1969ರಲ್ಲಿ ಬಂತು. ಇ-ಟೈಪ್ ಹಾಗೆ ಉದ್ದ ಮೂಗು, ಸಾಲಾಗಿ ಆರು ಸಿಲಿಂಡರು, ಬೆಲೆ ಎರಡಕ್ಕಿಂತಲೂ ಎಷ್ಟೋ ಕಮ್ಮಿ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಜೆ.ಸಿ. ರೋಡ್ ಗಿರಾಕಿ

ಸೀನ ಸಾರ್, ಒಂದು ಕೆಲಸದ ಮಾತು. ಇಂಗ್ಲೆಂಡಿನ ಕಾರು ಅಂದರೆ ಸ್ಟಿಯರಿಂಗ್ ಬಲಕ್ಕೆ, ಗೇರು ಎಡಗೈಗೆ. ಹದಿನಾಲ್ಕು ವರ್ಷ ಜರ್ಮನಿಯಲ್ಲಿ ಬಲಗೈಯಲ್ಲಿ ಗೇರ್ ಹಾಕಿದ್ದೀರಿ. ಮೊದಲ ಅರ್ಧ ಗಂಟೆ ಬಾಗಿಲನ್ನೇ ಗೇರು ಅಂತ ಹುಡುಕುತ್ತೀರಿ. ಒಂದು ದಿನ ಮುಂಚೆ ಹೋಗಿ ಮಾಮೂಲಿ ಕಾರು ಓಡಿಸಿ ಕೈ ಪಳಗಿಸಿಕೊಳ್ಳಿ. ಇನ್ಷೂರೆನ್ಸ್ ಕಾಗದ ಪೂರ್ತಿ ಓದಿ, ಸಣ್ಣ ಅಕ್ಷರ ಸೇರಿ.

ಸ್ಟುಟ್‌ಗಾರ್ಟ್ ಸೀನ

ಎಲ್ಲರಿಗೂ ಥ್ಯಾಂಕ್ಸ್. ಇ-ಟೈಪ್ ಬುಕ್ ಮಾಡಿದೆ. ಹುಬ್ಬಳ್ಳಿ ಅವರೇ, ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಕಾರು ಇಲ್ಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ ಅಂತ ನೀವೇ ಹೇಳಿದಿರಲ್ಲ.

ಹುಬ್ಬಳ್ಳಿ ಹೈವೇ (ಸದ್ಯ ಸ್ಯಾನ್ ಹೋಸೆ)

ನನ್ನ ಮಾತಿನಿಂದಲೇ ನನ್ನನ್ನು ಕಟ್ಟಿಹಾಕಿದಿರಿ. ಹೋಗಿ ಬನ್ನಿ. ಬಂದು ಬರೆಯಿರಿ.

ಸ್ಟುಟ್‌ಗಾರ್ಟ್ ಸೀನ

ಐದು ವಾರ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋಗಿ ಬಂದೆ.

ಕಾರಿನ ಬಣ್ಣ ಕೆಂಪಲ್ಲ, ಬೂದಿ. ಒಂದು ಕ್ಷಣ ಬೇಜಾರಾಯಿತು. ಆಮೇಲೆ ಬಗ್ಗಿ ಒಳಗೆ ಕೂತೆ. ಬಗ್ಗಿ ಅನ್ನುವುದಕ್ಕಿಂತ ಮಡಚಿಕೊಂಡು. ಕೀ ತಿರುಗಿಸಿದರೆ ಎಂಜಿನ್ ಶುರುವಾಗುವುದಿಲ್ಲ, ಹಿಂದಿನಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು. ಪೆಟ್ರೋಲ್ ಪಂಪು ಅಂತೆ. ಆ ಸದ್ದು ನಿಧಾನ ಆಗುವವರೆಗೆ ಕಾಯಿರಿ ಅಂದರು. ಚೋಕ್ ಎಳೆದು, ಬೇರೆ ಬಟನ್ ಒತ್ತಿದೆ. ಎದ್ದಿತು ನೋಡಿ.

ಎದುರಿಗೆ ಬಾನೆಟ್ ಮುಗಿಯುವುದೇ ಇಲ್ಲ. ಕಾಟ್ಸ್‌ವೋಲ್ಡ್ಸ್ ರಸ್ತೆಗಳು ನಮ್ಮ ತೀರ್ಥಹಳ್ಳಿ ಒಳದಾರಿಗಳಷ್ಟೇ ಅಗಲ, ಎರಡೂ ಕಡೆ ಕಲ್ಲಿನ ಗೋಡೆ. ಜಂಕ್ಷನ್ನಿನಲ್ಲಿ ಮೂಗು ರಸ್ತೆಗೆ ಬಂದ ಎಷ್ಟೋ ಹೊತ್ತಿನ ಮೇಲೆ ನಮ್ಮ ಕಣ್ಣು ಬರುತ್ತದೆ. ಗೇರಿಗೆ ಅಂತ ಬಾಗಿಲಿಗೆ ಕೈ ಹಾಕಿದ್ದು ನಾಲ್ಕು ಸಲ, ಮನೆಯವಳು ಎಣಿಸಿದಳು. ಮಧ್ಯಾಹ್ನ ಮಳೆ ಬಂತು. ಆ ಪುಟ್ಟ ಗಾಜಿಗೆ ಮೂರು ವೈಪರು, ಮೂರೂ ಒಟ್ಟಿಗೆ ಕುಣಿದವು. ಮನೆಯವಳು ನಕ್ಕದ್ದು ಆಗಲೇ.

240 ಎಲ್ಲ ಬಿಡಿ, 80 ಕಿ.ಮೀ. ದಾಟಿದ್ದು ಎರಡು ಸಲ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಸುಮ್ಮನೆ ಕಾಲಿಟ್ಟರೆ ಸಾಕು, ಯಾರೋ ಬೆನ್ನಿಗೆ ಕೈಕೊಟ್ಟು ಮೆಲ್ಲಗೆ ನೂಕಿದ ಹಾಗೆ. ಅವಸರವೇ ಇಲ್ಲ.

ಕುಡ್ಲ ಮೆಕ್ಯಾನಿಕ್

ಆ ಟಿಕ್ ಟಿಕ್ ಹಳೇ ಮಾರಿಸ್ ಮೈನರ್‌ನಲ್ಲೂ ಇತ್ತು. ಬಾನೆಟ್ ಎತ್ತಿ ನೋಡಿದಿರಾ?

ಸ್ಟುಟ್‌ಗಾರ್ಟ್ ಸೀನ

ಎತ್ತಿಸಿದೆ ಸಾರ್. ಮೂರೂ ಸಾಲಾಗಿ ಕೂತಿದ್ದವು. ಬಾಡಿಗೆಯ ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ರಬ್ಬರ್ ಪೈಪಿನ ವಿಷಯ ಅಲ್ಲಿನವನಿಗೆ ಹೇಳಿದೆ. ಅವನು ಏನೂ ಅನ್ನದೆ ಒಳಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಪೈಪು ತಂದು ನನ್ನ ಕಿವಿಗೇ ಇಟ್ಟ.

ಕುಡ್ಲ ಮೆಕ್ಯಾನಿಕ್

ಮೂರೂ ಒಂದೇ ಸಮ ಇತ್ತಾ?

ಸ್ಟುಟ್‌ಗಾರ್ಟ್ ಸೀನ

ನಡುವಿನದು ಚೂರು ಜೋರು ಅನ್ನಿಸಿತು. ಹೇಳಲು ಧೈರ್ಯ ಬರಲಿಲ್ಲ.

ಎರಡನೇ ಗೇರ್

240ಝಡ್ ಬಗ್ಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.